ಗೇಟಿನವರೆಗೆ ಆರು ಕಿಲೋಮೀಟರ್

ವರ್ಷವಿಡೀ ತೆರೆದೇ ಇರುತ್ತಿದ್ದ ಗೇಟು ಆ ಬೆಳಿಗ್ಗೆ ಮುಚ್ಚಿತ್ತು. ಅದರಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಗಂಡಸು ಕುಳಿತಿದ್ದ. ಬೆಳಕು ಹರಿಯುತ್ತಿದ್ದರೂ ಹಣೆಗೆ ಕಟ್ಟಿದ್ದ ಟಾರ್ಚನ್ನು ಆರಿಸಿರಲಿಲ್ಲ.

ಭವಿತಾ ಬ್ರೇಕ್ ಹಿಡಿದು ಒಂದು ಕಾಲನ್ನು ನೆಲಕ್ಕೆ ಊರಿದಳು. ಅರಂತೋಡಿನ ಅವಳ ಮನೆಯಿಂದ ಈ ಗೇಟಿಗೆ ಆರು ಕಿಲೋಮೀಟರ್. ಇಲ್ಲಿಂದ ಒಳಗೆ, ಒಂದು ಕಾಲದಲ್ಲಿ ಲಾರಿಗಳು ಮರ ಸಾಗಿಸುತ್ತಿದ್ದ ಕೂಪು ರಸ್ತೆಯಲ್ಲಿ, ಇನ್ನೂ ಐದು. ಆ ಐದು ಕಿಲೋಮೀಟರಿನ ಆಸೆಗೆ ಅವಳು ದಿನಾ ಐದು ಗಂಟೆಗೆ ಏಳುತ್ತಿದ್ದಳು.

"ರಸ್ತೆ ಬಂದ್ ಉಂಟು," ಎಂದ ಅವನು. "ಮಳೆ ಬರುವ ತನಕ ಯಾರನ್ನೂ ಬಿಡ್ಲಿಕ್ಕಿಲ್ಲ. ಬೆಂಕಿಯ ಸಮಯ ಅಲ್ವಾ."

"ನಾನೇನು ಬೆಂಕಿ ಹಾಕ್ಲಿಕ್ಕೆ ಬಂದವಳಾ?"

"ಹಾಕುವವರು ಯಾರೂ ಹೇಳಿ ಬರುದಿಲ್ಲ."

ದನಿಯಲ್ಲಿ ಒರಟುತನವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಬೆಂಕಿಪೆಟ್ಟಿಗೆ, ಲೈಟರ್ ಏನಾದರೂ ಇದೆಯೇ ಎಂದು ಬ್ಯಾಗ್ ತೆರೆದು ತೋರಿಸಬೇಕಂತೆ. ತೋರಿಸಿದಳು. ಪಂಕ್ಚರ್ ಕಿಟ್, ಒಂದು ಕದಳಿ ಹಣ್ಣು, ಮಗಳ ಹಳೆಯ ಕರವಸ್ತ್ರ. ಕರವಸ್ತ್ರದ ಮೇಲಿದ್ದ ಕಾರ್ಟೂನ್ ಬೆಕ್ಕನ್ನು ಅವನು ತುಸು ಹೆಚ್ಚೇ ಹೊತ್ತು ನೋಡಿದ. ಆಮೇಲೆ ಉದ್ದನೆಯ ಪುಸ್ತಕ ತೆರೆದು ಹೆಸರು, ಊರು, ಗಂಟೆ ಎಲ್ಲ ಬರೆದುಕೊಂಡ.

"ಬಂದ ಕಾರಣ?"

ನಲವತ್ತು ವರ್ಷದ ಹೆಂಗಸು ಬೆಳಗಿನ ಜಾವ ಸೈಕಲ್ ತುಳಿದುಕೊಂಡು ಕಾಡಿಗೆ ಬರಲು ಎಂಥ ಕಾರಣ ಬರೆಸಬಹುದು?

"ಕಾರಣ ಎಂತದೂ ಇಲ್ಲ," ಎಂದಳು.

ಅವನು ಹಾಗೆಯೇ ಬರೆದ. ಕಾರಣ ಇಲ್ಲ. ತಲೆಕೆಳಗಾಗಿ ಕಂಡ ಆ ಎರಡು ಪದಗಳು ಮನೆಯವರೆಗೂ ಅವಳ ಜೊತೆಗೇ ಬಂದವು.

ಕಾರಣ ಇರಲಿಲ್ಲವೆಂದಲ್ಲ. ಐದು ವರ್ಷಗಳ ಹಿಂದೆ, ಮಂಗಳೂರಿನಲ್ಲಿ ಕೆಲಸಕ್ಕಿದ್ದ ಗಂಡ ಒಂದು ಮಧ್ಯಾಹ್ನ ಫೋನ್ ಮಾಡಿ, ತಾನು ಇನ್ನು ಬರುವುದಿಲ್ಲ, ಬೇರೆ ಮನೆ ಮಾಡಿದ್ದೇನೆ ಎಂದು ಹೇಳಿ ಇಟ್ಟುಬಿಟ್ಟಿದ್ದ. ಅಂದಿನಿಂದ ಅವಳ ನಿದ್ದೆ ಹೋಯಿತು. ಸುಳ್ಯದ ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ತೆಗೆದು, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಅಡುಗೆ ಮುಗಿಸಿ, ಮಗಳ ಪಾಠ ನೋಡಿ, ಅಮ್ಮನ ಮಂಡಿಗೆ ಎಣ್ಣೆ ತಿಕ್ಕಿ, ಇಷ್ಟಾದ ಮೇಲೂ ಕಣ್ಣು ಕೂಡುತ್ತಿರಲಿಲ್ಲ. ಮೂರು ವರ್ಷ ಮಾತ್ರೆ ನುಂಗಿದಳು. ಆಮೇಲೆ ಪುತ್ತೂರಿನಲ್ಲಿ ಯಾರೋ ಮಾರುತ್ತಿದ್ದ ಗೇರ್ ಸೈಕಲ್ಲನ್ನು ಮಗಳಿಗೆಂದು ಸುಳ್ಳು ಹೇಳಿ ತಂದಳು. ಕೂಪು ರಸ್ತೆಗೆ ಮೊದಲ ಸಲ ಹೋಗಿ ಬಂದ ಮರುದಿನ ಅವಳನ್ನು ಅಮ್ಮ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಆ ಐದು ಕಿಲೋಮೀಟರಿನಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮರಗಳ ನಡುವೆ ಚೈನಿನ ಸದ್ದು ಮಾತ್ರ.

ಗೇಟು ಮುಚ್ಚಿದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಮೊದಲು ಹೈವೇಗೆ ಹೋದಳು. ಸಂಪಾಜೆಯ ಕಡೆಯಿಂದ ಘಾಟಿ ಇಳಿದು ಬರುವ ಲಾರಿಯೊಂದು ಮೈಮೇಲೇ ಬಂದಂತಾಗಿ, ಅವಳು ಚರಂಡಿಗೆ ಇಳಿದು ಮೊಣಕೈ ತರಚಿಕೊಂಡಳು. ಶಾಲೆಯ ಮೈದಾನದಲ್ಲಿ ಸುತ್ತು ಹಾಕಿದಳು. ವಾಕಿಂಗ್ ಬರುವವರೆಲ್ಲ ಒಂದೊಂದು ಸುತ್ತಿಗೂ ಒಂದೊಂದು ಪ್ರಶ್ನೆ ಕೇಳಿದರು, ಧೂಳಿಗೆ ಎರಡು ದಿನ ಕೆಮ್ಮಿದಳು. ಗ್ಯಾರೇಜಿನ ಮೊಯ್ದಿನಬ್ಬನವರು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಸ್ಟ್ಯಾಂಡ್ ಮಾಡಿಕೊಟ್ಟರು. ತಾರಸಿಯ ಮೇಲೆ ಅದನ್ನು ತುಳಿದರೆ ಬೆವರು ಬರುತ್ತಿತ್ತು, ದಾರಿ ಸಾಗುತ್ತಿರಲಿಲ್ಲ. ಹತ್ತನೆಯ ತರಗತಿಯ ಮಗಳು ಮೋಕ್ಷಿತಾ ಪುಸ್ತಕದಿಂದ ತಲೆಯೆತ್ತಿ, "ಅಮ್ಮ, ಎಲ್ಲಿಗೆ ಮುಟ್ಟಿದೆ?" ಎಂದು ಕೇಳುತ್ತಿದ್ದಳು. ಬೆವರು ತೊಳೆಯಲು ನೀರೂ ಇರಲಿಲ್ಲ. ಬಾವಿಯ ತಳ ಕಾಣುತ್ತಿತ್ತು, ಪಂಚಾಯತ್ ನಳ್ಳಿಯಲ್ಲಿ ಮೂರು ದಿನಕ್ಕೊಮ್ಮೆ ಒಂದು ಗಂಟೆ ನೀರು.

ಹನ್ನೊಂದನೆಯ ದಿನ ಅವಳು ಕಪಾಟಿನಲ್ಲಿ ಹಳೆಯ ಮಾತ್ರೆಯ ಪಟ್ಟಿ ಹುಡುಕಿದಳು. ಅದನ್ನು ಕೈಯಲ್ಲಿ ಹಿಡಿದು ಉಳಿದ ಮಾತ್ರೆಗಳನ್ನು ಎಣಿಸಿ, ಮತ್ತೆ ಅಲ್ಲಿಯೇ ಇಟ್ಟಳು. ಮರುದಿನ ಬೆಳಿಗ್ಗೆ ಗೇಟಿಗೆ ಹೋದಳು.

"ಇವತ್ತು ಕಾರಣ ಉಂಟಾ?" ಎಂದು ಕೇಳಿದ ಅವನು.

"ಗೇಟಿನವರೆಗೆ ಬರುದನ್ನು ಇಲಾಖೆಯವರು ಬಂದ್ ಮಾಡಿಲ್ಲ ಅಲ್ವಾ?"

ಅವನು ಅದನ್ನು ಗಂಭೀರವಾಗಿ ಯೋಚಿಸಿದ. "ಇಲ್ಲ. ಗೇಟು ಮುಟ್ಟಿ ತಿರುಗಿದ್ರೆ ಹನ್ನೆರಡು ಕಿಲೋಮೀಟರ್. ಎರಡು ಸಲ ಬಂದ್ರೆ ಇಪ್ಪತ್ತನಾಲ್ಕು. ಒಳಗೆ ಹೋಗಿ ಬಂದ್ರೆ ನಿಮ್ಮದು ಇಪ್ಪತ್ತೆರಡೇ ಆಗುದು. ಲೆಕ್ಕ ಹಾಕಿ ನೋಡಿ, ಬಂದ್ ಮಾಡಿದ್ರಿಂದ ನಿಮಗೆ ಲಾಭವೇ."

ಅವಳಿಗೆ ನಗು ಬಂತು. ಎಷ್ಟು ದಿನಗಳ ಮೇಲಿನ ನಗುವೋ, ಕೆನ್ನೆಗೆ ಅಭ್ಯಾಸ ತಪ್ಪಿಹೋಗಿತ್ತು.

ಹಾಗೆ ಶುರುವಾಯಿತು. ಗೇಟು ಮುಟ್ಟುವುದು, ತಿರುಗುವುದು, ಮನೆಯ ಮುಂದೆ ತಿರುಗಿ ಮತ್ತೆ ಗೇಟು. ಮೊದಲ ಸಲ ಬರುವಾಗ ಅವನು ಕುರ್ಚಿಯಲ್ಲಿ ಕುಳಿತಿರುತ್ತಿದ್ದ. ಎರಡನೆಯ ಸಲಕ್ಕೆ ಗೇಟಿನ ಹತ್ತಿರ ನಿಂತಿರುತ್ತಿದ್ದ.

ಹೆಸರು ರೂಪೇಶ್. ಕಡಬದ ಆಚೆ ಒಂದು ರಬ್ಬರ್ ತೋಟದಲ್ಲಿ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ. ಬೇಸಿಗೆಗೆ ರಬ್ಬರ್ ಎಲೆ ಉದುರಿಸಿ ಹಾಲು ನಿಂತಾಗ, ಈ ವರ್ಷ ಮೊದಲ ಸಲ ಇಲ್ಲಿ ಬೆಂಕಿ ಕಾಯಲು ಬಂದಿದ್ದಾನೆ. ಮಳೆ ಹಿಡಿದರೆ ಈ ಕೆಲಸ ಮುಗಿಯಿತು, ಮತ್ತೆ ಕಡಬಕ್ಕೆ. ಬೆಳಗಿನ ಮೂರಕ್ಕೇ ಎದ್ದು ಅಭ್ಯಾಸವಾದ್ದರಿಂದ ಹಣೆಯ ಟಾರ್ಚು ಅವನ ಮುಖದ್ದೇ ಭಾಗವಾಗಿತ್ತು. ಮದುವೆಯಾಗಿಲ್ಲ. ಮೂರು ಗಂಟೆಗೆ ಎದ್ದು ಹೋಗುವ ಗಂಡಸಿಗೆ ಯಾರು ಹೆಣ್ಣು ಕೊಡುತ್ತಾರೆ ಮಾರಾಯ್ರೆ ಎಂದು ಅವನೇ ನಗಾಡಿದ. ನಗು ಮುಗಿದ ಮೇಲೂ ಅವಳು ಅವನನ್ನು ಒಂದು ಕ್ಷಣ ಹೆಚ್ಚು ನೋಡಿದಳು. ಐದಕ್ಕೆ ಏಳುವ ಹೆಂಗಸಿಗೆ ಆ ಮಾತಿನಲ್ಲಿ ನಗಲು ಹೆಚ್ಚೇನೂ ಕಾಣಲಿಲ್ಲ.

ಒಂದು ದಿನ ಅವನು ಗೇಟಿನ ಕಂಬಿಗಳ ನಡುವಿನಿಂದ ಕೈ ಚಾಚಿ ಅವಳ ಮುಂದಿನ ಟಯರನ್ನು ಒತ್ತಿ ನೋಡಿದ.

"ಇದು ಉಂಟಲ್ಲ, ನಾವು ತೆಗೆದ ಹಾಲು. ನೀವು ಇಷ್ಟು ದಿನ ಓಡಿಸಿದ್ದು ನಮ್ಮ ಹಾಲಿನ ಮೇಲೆ."

"ಹಾಗಾದ್ರೆ ಪಂಕ್ಚರ್ ಆದದ್ದೂ ನಿಮ್ಮದೇ ತಪ್ಪು."

"ಹೌದು. ಹಾಲಿಗೆ ನೀರು ಸೇರಿಸಿರಬೇಕು."

ಇಬ್ಬರ ಮನೆಮಾತೂ ಅರೆಭಾಷೆ ಎಂದು ಒಬ್ಬರಿಗೊಬ್ಬರಿಗೆ ಬೇಗನೆ ಗೊತ್ತಾಗಿತ್ತು. ಆದರೂ ಗೇಟಿನ ಎರಡು ಬದಿಗಳ ನಡುವೆ ಕನ್ನಡವೇ ನಡೆಯುತ್ತಿತ್ತು. ಮನೆಮಾತಿಗೆ ಇಳಿದರೆ ಎಲ್ಲಿ ಹೋಗಿ ನಿಲ್ಲುತ್ತೇವೋ ಎಂಬ ಅಂಜಿಕೆ ಇಬ್ಬರಿಗೂ ಇತ್ತೋ ಏನೋ.

ಅವನ ಶೆಡ್ಡಿನ ಪಕ್ಕದ ತೋಡು ಫೆಬ್ರವರಿಯಲ್ಲೇ ಬತ್ತಿತ್ತು. ಎರಡು ದಿನಕ್ಕೊಮ್ಮೆ ಜೀಪಿನಲ್ಲಿ ಒಂದು ಕ್ಯಾನ್ ನೀರು ಬರುತ್ತಿತ್ತು. ಅದು ತಿಳಿದ ಮರುದಿನ ಅವಳ ಸೈಕಲ್ಲಿನಲ್ಲಿ ಒಂದರ ಬದಲು ಎರಡು ಬಾಟಲಿಗಳಿದ್ದವು. ಎರಡನೆಯದು ಹಸಿರು ಮುಚ್ಚಳದ್ದು. ಅವನು ತಲೆ ಹಿಂದಕ್ಕೆ ಬಾಗಿಸಿ, ಬಾಟಲಿಯನ್ನು ಗೇಣುದ್ದ ಮೇಲೆ ಎತ್ತಿ, ತುಟಿಗೆ ತಾಗಿಸದೆ ಕುಡಿಯುತ್ತಿದ್ದ. ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಪರರ ಪಾತ್ರೆಯಿಂದ ಹೇಗೆ ಕುಡಿಯಬೇಕೆಂದು ಕಲಿಸಿದ ಮನೆಯಲ್ಲಿ ಬೆಳೆದವನು. ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತ, ಬಳಿಕ ನೋಡಿದ್ದಕ್ಕೆ ನಾಚಿ, ಅವಳು ಗೇರ್ ಸರಿಪಡಿಸುವವಳಂತೆ ಬಗ್ಗುತ್ತಿದ್ದಳು.

"ಈ ಸೈಕಲ್ಲಿಗೆ ಬೆಲ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ," ಎಂದು ಅವನು ದಿನಾ ಹಂಗಿಸುತ್ತಿದ್ದ. "ಒಂದು ತೆಂಗಿನಕಾಯಿ ತರ್ಲಿಕ್ಕೂ ಆಗದ ಸೈಕಲ್ ಎಂತ ಸೈಕಲ್?"

ಮೊಯ್ದಿನಬ್ಬನವರು ಕ್ಯಾರಿಯರ್ ಕೂರಿಸುವಾಗ, ಇಂಥ ಸೈಕಲ್ಲಿಗೆ ಇದು ಚೆಂದವಲ್ಲ ಎಂದು ಎರಡು ಸಲ ಹೇಳಿದರು. ಏನು ಹೊರಲಿಕ್ಕೆ ಎಂದು ಕೇಳಿದರು. ಅವಳು ದುಡ್ಡು ಎಣಿಸಿ ಕೊಟ್ಟಳು. ಮೋಕ್ಷಿತಾ ಮಾತ್ರ ಕ್ಯಾರಿಯರನ್ನು ನೋಡಿದ ಕೂಡಲೇ, "ಅಮ್ಮ, ನೀನು ಗೇಟ್ ನೋಡ್ಲಿಕ್ಕೆ ಹೋಗುದಾ, ಗೇಟಿನವರನ್ನು ನೋಡ್ಲಿಕ್ಕೆ ಹೋಗುದಾ?" ಎಂದಳು. ಪರೀಕ್ಷೆಗೆ ಓದು ಎಂದು ಗದರಿಸಿದಾಗ ಭವಿತಾಳ ದನಿ ಅವಳಿಗೇ ಹುಸಿಯಾಗಿ ಕೇಳಿಸಿತು.

ನಿದ್ದೆ ಮರಳಿತ್ತು. ಜೊತೆಗೆ ಹೊಸದೊಂದು ಚಿಂತೆ. ಮೊದಲೆಲ್ಲ ಮಳೆ ಯಾವಾಗ ಬರುತ್ತದೆ, ಗೇಟು ಯಾವಾಗ ತೆರೆಯುತ್ತದೆ ಎಂದು ದಿನ ಎಣಿಸುತ್ತಿದ್ದವಳು, ಈಗ ಮೋಡ ಕಂಡರೆ ಬೆಚ್ಚುತ್ತಿದ್ದಳು. ಮಳೆ ಬಂದರೆ ರಸ್ತೆ ಸಿಗುತ್ತದೆ, ಅವನು ಹೋಗುತ್ತಾನೆ.

ಅವನ ಶೆಡ್ಡಿನ ಎದುರು, ಗೇಟಿನ ಕಂಬಕ್ಕೆ ತಾಗಿಕೊಂಡು ಒಂದು ಗಾಂಧಾರಿ ಮೆಣಸಿನ ಗಿಡವಿತ್ತು. ಮುಖ ತೊಳೆದ ನೀರನ್ನೆಲ್ಲ ಅವನು ಅದರ ಬುಡಕ್ಕೆ ಹಾಕುತ್ತಿದ್ದ. ಎಲೆ ಹಳದಿಯಾಗಿದೆ, ಮಣ್ಣಲ್ಲಿ ಸತ್ವ ಇಲ್ಲ ಎಂದು ಒಂದು ಶನಿವಾರ ಹೇಳಿದ.

ಅವಳಿಗೆ ತಕ್ಷಣ ಅಮ್ಮನ ಸುಡುಮಣ್ಣು ನೆನಪಾಯಿತು.

ಪ್ರತಿ ಬೇಸಿಗೆ ಕಮಲಾವತಿಯಮ್ಮ ಹಿತ್ತಲಲ್ಲಿ ತರಗೆಲೆ, ಕಡ್ಡಿ, ಬೇರುತುಂಡು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಅಡಿಯಿಂದ ಬೆಂಕಿ ಕೊಡುತ್ತಿದ್ದರು. ಅದು ಉರಿಯುವುದಿಲ್ಲ, ವಾರಗಟ್ಟಲೆ ಒಳಗೊಳಗೇ ಬೇಯುತ್ತದೆ. ಆರಿದ ಮೇಲೆ ಆ ಕೆಂಪು ಮಣ್ಣನ್ನು ಮಲ್ಲಿಗೆಗೂ ಬಸಳೆಗೂ ಹಾಕಿದರೆ ಗಿಡ ತಾನೇ ತಾನಾಗಿ ಏಳುತ್ತದೆ. ಭಾನುವಾರ ಅವಳು ರಾಶಿಯ ಮೇಲೆ ಕೈಯಿಟ್ಟು ನೋಡಿದಾಗ ತಣ್ಣಗಿತ್ತು. ಒಂದು ಡಬ್ಬ ಕೊಡು ಎಂದು ಕೇಳಿದಳು.

"ಇನ್ನು ಮೂರು ದಿನ ಹೋಗ್ಲಿ," ಎಂದರು ಅಮ್ಮ. "ಮೇಲೆ ತಣ್ಣಗೆ ಕಾಣ್ತದೆ, ಒಳಗೆ ಬೇರಿನ ತುಂಡು ಕೆಂಡ ಹಿಡ್ಕೊಂಡಿರ್ತದೆ."

ಅದು ಅವಳಿಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದು. ಆದರೆ ಬುಧವಾರದವರೆಗೆ ಕಾಯುವುದು ಆ ವಾರ ಅವಳಿಂದ ಆಗುತ್ತಿರಲಿಲ್ಲ.

ಸೋಮವಾರ ನಸುಕಿನಲ್ಲಿ ಎಣ್ಣೆಯ ಹಳೆಯ ಡಬ್ಬಕ್ಕೆ ಮಣ್ಣು ತುಂಬಿ ಕ್ಯಾರಿಯರಿಗೆ ಕಟ್ಟಿದಳು. ದಾರಿಯುದ್ದಕ್ಕೂ ಡಬ್ಬ ಬೆನ್ನಿಗೆ ಬೆಚ್ಚಗೆ ತಾಗುತ್ತಿತ್ತು. ಆ ಬೆಚ್ಚನ್ನು ಅವಳು ತನ್ನೊಳಗಿನ ಸಂತೋಷವೆಂದೇ ಎಣಿಸಿದಳು.

ರೂಪೇಶ್ ಮೇಲಿನ ಗುಡ್ಡಕ್ಕೆ ತರಗೆಲೆ ಗುಡಿಸಲೆಂದು ಹೋಗಿದ್ದ. ಇರದಿದ್ದದ್ದೂ ಒಳ್ಳೆಯದಾಯಿತು, ಬಂದು ನೋಡಲಿ ಎಂದು ಅವಳು ಮಣ್ಣನ್ನು ಗಿಡದ ಸುತ್ತ ಸುರಿದು, ಪಕ್ಕದಲ್ಲಿ ಹಸಿರು ಮುಚ್ಚಳದ ಬಾಟಲಿಯನ್ನಿಟ್ಟು ಹೊರಟಳು. ಲ್ಯಾಬಿಗೆ ಬೇಗ ಹೋಗಬೇಕಿತ್ತು, ಅಂದು ಎರಡನೆಯ ಸುತ್ತು ಹಾಕಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ರಕ್ತ ಕೊಡಲು ಬಂದವರೊಬ್ಬರು ಫೋನಿನಲ್ಲಿ ಫೋಟೋ ತೋರಿಸಿದರು. ಅರಂತೋಡಿನ ಮೇಲಿನ ಗುಡ್ಡದಲ್ಲಿ ಹೊಗೆ. ಅವಳು ಸೂಜಿಯನ್ನು ಕೆಳಗಿಟ್ಟಳು.

ಸಂಜೆಯೊಳಗೆ ಆರಿಸಿದರಂತೆ. ಮರುದಿನ ಅವಳು ಹೋದಾಗ ಗೇಟಿನಿಂದ ಗುಡ್ಡದ ಅರ್ಧದವರೆಗೆ ನೆಲ ಕಪ್ಪಾಗಿತ್ತು. ಒಂದು ಜೀಪು, ನಾಲ್ಕೈದು ಜನ, ನಡುವೆ ಫಾರೆಸ್ಟರ್ ಮಹೇಶ್ವರ. ರೂಪೇಶನ ಎರಡೂ ಮುಂಗೈಗಳಲ್ಲಿ ಬೊಬ್ಬೆ ಎದ್ದಿತ್ತು, ಹುಬ್ಬು ಸುಟ್ಟಿತ್ತು. ಗಾಂಧಾರಿ ಗಿಡದ ಜಾಗದಲ್ಲಿ ಒಂದು ಕರಿಯ ವೃತ್ತ. ಬೆಂಕಿ ಅಲ್ಲಿಂದಲೇ ಎದ್ದು ಮೇಲಕ್ಕೆ ಹತ್ತಿದ್ದು ಯಾರಿಗಾದರೂ ಕಾಣುವಂತಿತ್ತು. ಬಾಟಲಿ ಎಲ್ಲೂ ಇರಲಿಲ್ಲ.

ಅವಳು ಬಾಯಿ ತೆರೆದಳು. ಅವನು ಅವಳತ್ತ ನೋಡದೆ, ಅವಳಿಗಿಂತ ಮೊದಲೇ ಗಟ್ಟಿಯಾಗಿ ಹೇಳಿದ.

"ಸರ್, ನಾನೇ ಒಲೆಯ ಬೂದಿ ಗಿಡಕ್ಕೆ ಹಾಕಿದ್ದು. ಆರಿದೆ ಅಂತ ಗ್ರಹಿಸಿದೆ."

ಆ ಒಂದು ಕ್ಷಣದಲ್ಲಿ ಅವಳ ತಲೆಯೊಳಗೆ ಏನೆಲ್ಲ ಹಾದುಹೋಯಿತು. ಮಗಳ ಪರೀಕ್ಷೆ ನಡೆಯುತ್ತಿದೆ. ಲ್ಯಾಬಿನ ಕೆಲಸ. ಗಂಡ ಬಿಟ್ಟವಳು ಬೆಳಗಾಗುವ ಮೊದಲು ಕಾಡಿನ ಕಾವಲುಗಾರನಿಗೆ ಮಣ್ಣು ಹೊತ್ತಳಂತೆ ಎಂದು ಬಸ್ಸಿನಲ್ಲಿ ಆಡುವ ಬಾಯಿಗಳು. ಅವಳು ಬಾಯಿ ಮುಚ್ಚಿದಳು. ಸೈಕಲ್ ತಿರುಗಿಸಿ ಮನೆಗೆ ಬಂದಳು.

ಮೂರು ದಿನ ಮಲಗಲಾಗಲಿಲ್ಲ. ಸೈಕಲ್ಲನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಬಸ್ಸಿನಲ್ಲಿ ಯಾರೋ, ಬೆಂಕಿ ಕಾಯುವವನೇ ಬೆಂಕಿ ಹಾಕಿದ್ದಂತೆ, ಕೆಲಸದಿಂದ ತೆಗೆದು ಕಡಬಕ್ಕೆ ಅಟ್ಟಿದರಂತೆ ಎಂದು ನಗುತ್ತಿದ್ದರು. ಅವಳು ಮುಂದಿನ ಸ್ಟಾಪಿನಲ್ಲಿ ಇಳಿದಳು. ಎದುರು ದಿಕ್ಕಿನ ಬಸ್ಸು ಹತ್ತಿ ಮಹೇಶ್ವರರ ಕಚೇರಿಗೆ ಹೋದಳು.

ನಿಂತುಕೊಂಡೇ ಎಲ್ಲ ಹೇಳಿದಳು. ಡಬ್ಬ, ಬೇರಿನ ತುಂಡು, ಅಮ್ಮ ಹೇಳಿದ ಮೂರು ದಿನ. ಮಹೇಶ್ವರ ಬಹಳ ದಿನ ನಿದ್ದೆಗೆಟ್ಟವರ ಹಾಗಿದ್ದರು. ಅವಳ ಮಾತು ಮುಗಿಯುವ ತನಕ ಪೆನ್ನಿನ ಮುಚ್ಚಳವನ್ನು ತೆಗೆಯುವುದು ಹಾಕುವುದು ಮಾಡುತ್ತಿದ್ದರು.

"ಆ ಶೆಡ್ಡಿನಲ್ಲಿ ಒಲೆಯೇ ಇಲ್ಲ," ಎಂದರು ಕೊನೆಗೆ. "ಬೆಂಕಿ ಕಾಯುವಲ್ಲಿ ಒಲೆ ಹಚ್ಲಿಕ್ಕೆ ನಾವು ಬಿಡುದಿಲ್ಲ. ಊಟ ಜೀಪಿನಲ್ಲಿ ಹೋಗುದು. ಸುಳ್ಳು ಅಂತ ನನಗೆ ಆವತ್ತೇ ಗೊತ್ತಾಯ್ತು. ಯಾರಿಗೋಸ್ಕರ ಅಂತ ಮಾತ್ರ ಗೊತ್ತಿರ್ಲಿಲ್ಲ."

ಅವರು ಮೇಜಿನ ಕೆಳಗಿನಿಂದ ಉದ್ದನೆಯ ಪುಸ್ತಕವನ್ನು ತೆಗೆದು ಅವಳ ಕಡೆಗೆ ತಳ್ಳಿದರು.

"ಗೇಟಿಗೆ ಬಂದವರನ್ನು ಬರೀಲಿಕ್ಕೆ ಕೊಟ್ಟದ್ದು. ಬಾರದವರನ್ನು ಬರೀಲಿಕ್ಕೆ ಯಾರೂ ಹೇಳಿರ್ಲಿಲ್ಲ. ನೋಡಿ."

ಫೆಬ್ರವರಿಯ ಒಂದು ಪುಟದಲ್ಲಿ ಅವಳ ಹೆಸರು. ಕಾರಣ ಇಲ್ಲ. ಅದರ ಕೆಳಗೆ, ದಿನಕ್ಕೊಂದರಂತೆ, ಓರೆಯಾದ ನಿಧಾನದ ಅಕ್ಷರಗಳು. ಸೈಕಲ್ ಬರಲಿಲ್ಲ. ಸೈಕಲ್ ಬರಲಿಲ್ಲ. ಅವಳು ಹೈವೇಯಲ್ಲಿ ಬಿದ್ದ ದಿನ, ಮೈದಾನದಲ್ಲಿ ಕೆಮ್ಮಿದ ದಿನ, ತಾರಸಿಯ ಮೇಲೆ ಎಲ್ಲಿಗೂ ಹೋಗದೆ ತುಳಿದ ದಿನ, ಆ ಹನ್ನೊಂದು ದಿನವೂ ಇಲ್ಲಿ ಒಬ್ಬ ಮನುಷ್ಯ ಹಾಗೆಯೇ ಬರೆದಿದ್ದ. ಹನ್ನೆರಡನೆಯ ದಿನ: ಸೈಕಲ್ ಬಂತು, ಎರಡು ಸಲ. ಕೊನೆಯ ಸೋಮವಾರ, ಬೆಂಕಿಯ ವಿವರಕ್ಕೆ ಮೊದಲು, ಒಂದೇ ಸಾಲು: ನಾನು ಮೇಲೆ ಇದ್ದೆ, ಸೈಕಲ್ ಬಂದು ಹೋಗಿದೆ.

ಅವಳು ಪುಟದ ಮೇಲೆ ಅಂಗೈಯಿಟ್ಟು ತಲೆ ತಗ್ಗಿಸಿದಳು. ಮಹೇಶ್ವರ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಅವಳು ಹೇಳಿಕೆ ಬರೆದುಕೊಟ್ಟಳು. ಕೇಸಾಯಿತು, ದಂಡವಾಯಿತು. ರೂಪೇಶನ ಮೇಲಿ‍ನ ಆರೋಪ ತೆಗೆದರು, ಬೇಕಿದ್ದರೆ ಬರಬಹುದು ಎಂದು ಮಹೇಶ್ವರ ಫೋನ್ ಕೂಡ ಮಾಡಿದರು. ಅವನು ಬರುವುದಿಲ್ಲ ಎಂದನಂತೆ. ತಾನು ಆ ಗೇಟಿನಲ್ಲಿ ಮತ್ತೆ ಕುಳಿತರೆ ಜನ ಭವಿತಾ ಅವರ ಹೆಸರನ್ನು ಇನ್ನಷ್ಟು ಎಳೆಯುತ್ತಾರೆ ಎಂದನಂತೆ.

ಮನೆಯಲ್ಲಿ ಅವಳು ಹೇಳಿದಾಗ ಕಮಲಾವತಿಯಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. ಆ ದಿನ ನಳ್ಳಿಯಲ್ಲಿ ಬಂದ ನೀರಿನಲ್ಲಿ ಎರಡು ಕೊಡ ತುಂಬ ಎತ್ತಿಕೊಂಡು ಹೋಗಿ, ಉಳಿದ ಸುಡುಮಣ್ಣಿನ ರಾಶಿಯ ಮೇಲೆ ಸುರಿದು ಬಂದರು. ಒಳಗಿನಿಂದ ಚುಯ್ ಎಂದು ಹಬೆ ಎದ್ದಿತು.

ಲ್ಯಾಬಿನಲ್ಲಿ ಕೆಲವರು, ಬೆಂಕಿ ಹಾಕಿದ್ದು ನೀವೇ ಅಲ್ವಾ ಎಂದು ಕೇಳುತ್ತಲೇ ಕೈ ಚಾಚಿದರು. ಹೌದು ಎಂದು ಹೇಳಿ ಅವಳು ನರ ಹುಡುಕಿದಳು. ಅಷ್ಟು ಹೆದರಿದ್ದ ಮಾತು ಬಂದು ಹೋಯಿತು.

ಅವಳು ಮಹೇಶ್ವರರನ್ನು ಒಂದು ವಿಷಯ ಕೇಳಿಕೊಂಡಿದ್ದಳು. ಗೇಟಿನವರೆಗೆ ಹೇಗೂ ದಿನಾ ಎರಡು ಸಲ ಹೋಗುತ್ತೇನೆ, ಕಾಡಿನ ಅಂಚಿನಲ್ಲಿ ಹೊಗೆ ಕಂಡರೆ ತಿಳಿಸಲೇ ಎಂದು. ಅವರು ನಂಬರ್ ಕೊಟ್ಟರು. ಎಪ್ರಿಲ್ ಕಳೆಯಿತು, ಮೇ ಕಳೆಯಿತು. ಮುಚ್ಚಿದ ದಾರಿಯ ಹೊರಗೆ ಅವಳು ದಿನಾ ಇಪ್ಪತ್ತನಾಲ್ಕು ಕಿಲೋಮೀಟರ್ ತುಳಿದಳು. ಎರಡು ಸಲ ಹೊಗೆ ಕಂಡಳು, ಎರಡು ಸಲವೂ ಜೀಪು ಹೊತ್ತಿಗೆ ಸರಿಯಾಗಿ ಬಂತು. ಕಾಲು ಗಟ್ಟಿಯಾಯಿತು. ನಿದ್ದೆಯೂ ಬರುತ್ತಿತ್ತು.

ಆದರೆ ಆರು ಕಿಲೋಮೀಟರಿನ ಕೊನೆಯಲ್ಲಿ ಯಾರೂ ನಿಂತಿರುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಈಗ ಬೆಳ್ಯಪ್ಪ ಎಂಬ ಮುದುಕರು ಮಫ್ಲರ್ ಸುತ್ತಿಕೊಂಡು ತೂಕಡಿಸುತ್ತಿದ್ದರು. ಅವರ ಬಳಿ ಫ್ಲಾಸ್ಕ್ ಇತ್ತು, ನೀರು ಬೇಕಿರಲಿಲ್ಲ. ಎರಡನೆಯ ಬಾಟಲಿಯನ್ನು ಅವಳು ಹೊಸದಾಗಿ ಕೊಂಡಿದ್ದಳು. ತುಂಬಿಸಿ ತರುವುದನ್ನು ಕೈ ಬಿಡಲಿಲ್ಲ. ಅದನ್ನು ಕರಿಯ ವೃತ್ತದ ನಡುವಿನ ಮೋಟು ಗಿಡಕ್ಕೆ ಹೊಯ್ದು ಹಿಂತಿರುಗುತ್ತಿದ್ದಳು. ಅದು ಚಿಗುರಲಿಲ್ಲ.

ರೂಪೇಶನ ನಂಬರ್, ತೋಟದ ಗುರುತು ಎರಡೂ ಮಹೇಶ್ವರರಿಂದ ಸಿಕ್ಕಿದ್ದವು. ಅವಳು ಫೋನ್ ಮಾಡಲಿಲ್ಲ. ಇನ್ನು ಬರುವುದಿಲ್ಲ ಎಂಬ ಮಾತನ್ನು ಒಮ್ಮೆ ಫೋನಿನಲ್ಲಿ ಕೇಳಿದವಳಿಗೆ, ಬರುತ್ತೇನೆ ಎಂಬ ಮಾತನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಶನಿವಾರ ಬೆಳಿಗ್ಗೆ ಅವಳು ಹೋದಾಗ ಗೇಟು ಹಾರು ಹೊಡೆದಿತ್ತು. ಬೆಳ್ಯಪ್ಪ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಡುತ್ತಿದ್ದವರು, ಇನ್ನು ಎಷ್ಟು ಬೇಕಾದರೂ ಹೋಗು ಮಗಳೇ ಎಂದರು. ಕೂಪು ರಸ್ತೆ ಒದ್ದೆ ಮಣ್ಣಿನ ವಾಸನೆಯೊಂದಿಗೆ ಒಳಗೆ ಕರೆಯುತ್ತಿತ್ತು. ನಾಲ್ಕು ತಿಂಗಳು ಕಾದ ಐದು ಕಿಲೋಮೀಟರ್. ಅವಳು ಗೇಟಿನ ಕಂಬಿಯನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅಭ್ಯಾಸದಂತೆ ಅಲ್ಲಿಂದಲೇ ತಿರುಗಿದಳು.

ಭಾನುವಾರ ಬೆಳಿಗ್ಗೆ ಮೋಕ್ಷಿತಾ ಎದ್ದು ಬಂದಾಗ ಅಮ್ಮ ರೈನ್‌ಕೋಟ್ ಹಾಕಿಕೊಂಡು ಅಂಗಳದಲ್ಲಿ ಚಕ್ರಕ್ಕೆ ಗಾಳಿ ತುಂಬಿಸುತ್ತಿದ್ದಳು.

"ಗೇಟಿಗಾ?"

"ಕಡಬಕ್ಕೆ."

ಹುಡುಗಿ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ತೊಟ್ಟೆ ತಂದಳು. ಅಮ್ಮನ ಫೋನನ್ನು ಅದರೊಳಗೆ ಹಾಕಿ, ಎರಡು ಸಲ ಮಡಚಿ, ರಬ್ಬರ್‌ಬ್ಯಾಂಡ್ ಸುತ್ತಿ ಕೊಟ್ಟಳು.

"ಹೋಗಿ ಬಾ," ಎಂದಳು. "ಬರುದನ್ನು ಮರೀಬೇಡ, ಆಯ್ತಾ?"

ಭವಿತಾ ಮಗಳ ತಲೆಯನ್ನು ಒದ್ದೆ ರೈನ್‌ಕೋಟಿಗೆ ಒತ್ತಿಕೊಂಡಳು. ಅವಳ ಅಪ್ಪನ ಹೆಸರನ್ನು ಇಬ್ಬರೂ ಹೇಳಲಿಲ್ಲ.

ಸುಳ್ಯ, ಬೆಳ್ಳಾರೆ, ನಿಂತಿಕಲ್ಲು, ಪಂಜ. ಅವಳು ಯಾವತ್ತೂ ಒಂದೇ ಸಲಕ್ಕೆ ಐವತ್ತು ಕಿಲೋಮೀಟರ್ ತುಳಿದವಳಲ್ಲ. ಪಂಜ ದಾಟಿದ ಮೇಲಿನ ಏರಿನಲ್ಲಿ ಇಳಿದು ತಳ್ಳಿದಳು. ಕನ್ನಡಕದ ಮೇಲೆ ನೀರು, ಕೆಸರಿನ ಗೆರೆ ಬೆನ್ನಿನುದ್ದಕ್ಕೆ. ವಾಪಸ್ಸು ಹೋಗಲು ಬಸ್ಸುಂಟು ಎಂದು ಮನಸ್ಸು ನೂರು ಸಲ ಹೇಳಿತು. ಕಾಲು ಕೇಳಲಿಲ್ಲ.

ರಬ್ಬರ್ ತೋಟದಲ್ಲಿ ಪ್ರತಿ ಮರಕ್ಕೂ ಮಳೆಗೆಂದು ಪ್ಲಾಸ್ಟಿಕ್ ಹಾಳೆಯ ಲಂಗ ಕಟ್ಟಿತ್ತು. ಮರಗಳಿಗೆ ಕಟ್ಟಿದ್ದ ತೆಂಗಿನ ಗೆರಟೆಗಳಿಂದ ಹಾಲನ್ನು ಬಕೆಟ್ಟಿಗೆ ಸುರಿಯುತ್ತಿದ್ದವನು ಚೈನಿನ ಸದ್ದಿಗೆ ತಲೆಯೆತ್ತಿದ. ಹತ್ತು ಗಂಟೆಯಾಗಿದ್ದರೂ ಹಣೆಯ ಟಾರ್ಚು ಉರಿಯುತ್ತಿತ್ತು. ಹುಬ್ಬು ಮತ್ತೆ ಬೆಳೆದಿತ್ತು, ಸ್ವಲ್ಪ ಓರೆಯಾಗಿ.

ಅವನು ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟ. ನಡುವೆ ಗೇಟಿರಲಿಲ್ಲ, ಆದರೂ ಅಷ್ಟೇ ದೂರದಲ್ಲಿ ಇಬ್ಬರೂ ನಿಂತುಕೊಂಡರು.

"ಆವತ್ತು ನಾನು ಬಾಯಿ ಬಿಡ್ಲಿಲ್ಲ," ಎಂದಳು ಅವಳು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. "ನೀವು ಹೇಳಿದ್ರಿ, ನಾನು ತಿರುಗಿ ಹೋದೆ."

"ನಾನು ನಿಮಗೆ ಬಾಯಿ ಬಿಡ್ಲಿಕ್ಕೆ ಜಾಗ ಕೊಡ್ಲಿಲ್ಲ ಅಲ್ವಾ." ಅವನು ಅಂಗಿಯ ಕಿಸೆಗೆ ಕೈ ಹಾಕಿದ. ಕರಗಿ ಮುದ್ದೆಯಾದ ಪ್ಲಾಸ್ಟಿಕ್ಕಿನ ತುಣುಕು, ಅದರಲ್ಲಿ ಹಸಿರು ಬಣ್ಣ ಇನ್ನೂ ಕಾಣುತ್ತಿತ್ತು. "ಸರ್ ಬರುವ ಮೊದಲು ಇದನ್ನು ತೆಗೆದಿಟ್ಟೆ. ಸಾಕ್ಷಿ ಆಗ್ತದೆ ಅಂತ. ಮತ್ತೆ ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಮಳೆ ಎಲೆಗಳ ಮೇಲೆ ಬೀಳುತ್ತಲೇ ಇತ್ತು. ಅವನು ಅವಳ ಕೆಸರಾದ ಸೈಕಲ್ಲನ್ನು, ಕ್ಯಾರಿಯರನ್ನು, ನೀರಿಳಿಯುತ್ತಿದ್ದ ಅವಳ ರೈನ್‌ಕೋಟನ್ನು ನೋಡಿದ. ಆಮೇಲೆ ಮೊದಲ ಸಲ ಕನ್ನಡವನ್ನು ಬಿಟ್ಟು ಮನೆಮಾತಿನಲ್ಲಿ, ನೀವು ಎನ್ನದೆ ನೀನು ಎಂದು, ಬಂದ ಕಾರಣ ಏನು ಎಂದು ಕೇಳಿದ.

ಅವಳೂ ಮನೆಮಾತಿನಲ್ಲೇ ಹೇಳಿದಳು, ಈ ಸಲ ಕಾರಣ ಉಂಟು ಎಂದು.

ಬಗ್ಗಿ ಎರಡನೆಯ ಬಾಟಲಿಯನ್ನು ತೆಗೆದು ಅವನಿಗೆ ಚಾಚಿದಳು. ಸುತ್ತ ಧಾರಾಕಾರ ಮಳೆ, ಎಲೆ ಎಲೆಯಿಂದಲೂ ನೀರು, ಅವಳು ಐವತ್ತು ಕಿಲೋಮೀಟರ್ ದೂರದಿಂದ ನೀರು ಹೊತ್ತು ತಂದಿದ್ದಳು. ಅವನಿಗೆ ನಗು ಬಂತು. ಮುಚ್ಚಳ ತಿರುಗಿಸುವಾಗ ಅವನ ಬೆರಳುಗಳು ಹಾಲಿಗೆ ಅಂಟಂಟಾಗಿದ್ದವು.

ಬೇಸಿಗೆಯಿಡೀ ಗೇಣುದ್ದ ಮೇಲೆ ಎತ್ತಿ ಹಿಡಿದು ಕುಡಿದವನು ಈಗ ಎತ್ತಲಿಲ್ಲ. ಅವಳನ್ನೇ ನೋಡುತ್ತ, ಬಾಟಲಿಯನ್ನು ತುಟಿಗಿಟ್ಟು ಕುಡಿದ.